ಹೈಟಿಗೆ ಕಾಲರಾ ತಂದಿದ್ದು ಭೂಕಂಪ ಅಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಿನ ವಿದೇಶ ಪುಟದಲ್ಲಿ ಹೈಟಿ ದೇಶದ ಬಗ್ಗೆ ಒಂದು ಪುಟ್ಟ ಸುದ್ದಿ ಬಂದಿತ್ತು. ಗ್ಯಾಂಗುಗಳ ಗಲಾಟೆ, ಜನ ಮನೆಮಠ ಬಿಟ್ಟು ಓಡ್ತಿರೋದು ಎಲ್ಲ ಬರೆದು ಕೊನೆಗೆ ಒಂದು ಸಾಲು ಸೇರಿಸಿದ್ರಿ, 2010ರ ಭೂಕಂಪದ ನಂತರ ಹಬ್ಬಿದ ಕಾಲರಾಗೆ ಅಲ್ಲಿ ಸಾವಿರಾರು ಜನ ಬಲಿಯಾಗಿದ್ದರು ಅಂತ. ಸಾಲಲ್ಲಿ ಸುಳ್ಳೇನಿಲ್ಲ, ಭೂಕಂಪ ಆಗಿದ್ದು ಜನವರಿಯಲ್ಲಿ, ಕಾಲರಾ ಬಂದಿದ್ದು ಅಕ್ಟೋಬರಲ್ಲಿ, ನಂತರ ಅನ್ನೋದು ಸರಿನೇ. ಆದ್ರೆ ಓದಿದವರ ತಲೇಲಿ ಏನು ಉಳಿಯುತ್ತೆ ಹೇಳಿ? ಭೂಕಂಪ ಆಯ್ತು, ಹೆಣ ಕೊಳೀತು, ನೀರು ಕೆಡ್ತು, ಕಾಲರಾ ಬಂತು, ಪಾಪ ಬಡದೇಶ, ದೈವಾನೇ ಹಂಗೆ ಅಂತ ತಾನೆ? ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತ ವಿಷಯ ಇದು, ಅದಕ್ಕೆ ಈ ಪತ್ರ. ಸ್ವಲ್ಪ ಉದ್ದ ಆಗಿದೆ, ಜಾಗ ಇದ್ದಷ್ಟು ಹಾಕಿ, ಇಲ್ದಿದ್ರೂ ಡೆಸ್ಕಲ್ಲಿ ಕೂತಿರೋರು ಯಾರಾದ್ರೂ ಒಬ್ಬರು ಪೂರ್ತಿ ಓದಿದ್ರೆ ಸಾಕು.

ನಾನು ಹಾಸನದ ಕಡೆಯವನು, ಆರೋಗ್ಯ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ ರಿಟೈರ್ ಆದವನು. ಕಿರಿಯ ಆರೋಗ್ಯ ಸಹಾಯಕ ಅಂತ ಸೇರಿ ಇನ್‌ಸ್ಪೆಕ್ಟರ್ ಆಗಿ ಹೊರಗೆ ಬಂದೆ. ನೀರಿನ ಟ್ಯಾಂಕ್ ಹತ್ತೋದು, ನೀರಲ್ಲಿ ಕ್ಲೋರಿನ್ ಇದೆಯಾ ಅಂತ ಕ್ಲೋರೋಸ್ಕೋಪಿಗೆ ಓಟಿ ಸೊಲ್ಯೂಷನ್ ಬಿಟ್ಟು ಹಳದಿ ಬರುತ್ತಾ ನೋಡೋದು, ಬ್ಲೀಚಿಂಗ್ ಪೌಡರ್ ಕಲಸೋದು, ವಾಂತಿಭೇದಿ ಎಲ್ಲಿ ಶುರುವಾದ್ರೂ ಓಆರ್‌ಎಸ್ ಪ್ಯಾಕೆಟ್ ಚೀಲಕ್ಕೆ ತುಂಬ್ಕೊಂಡು ಬೈಕ್ ಹತ್ತೋದು, ಇದೇ ನನ್ನ ಸರ್ವಿಸ್ಸು. ಹೈಟಿಗೆ ನಾನು ಹೋಗಿಲ್ಲ. ಸರ್ವಿಸ್ ಮುಗಿಯೋ ಹೊತ್ತಿಗೆ ಒಂದು ಟ್ರೈನಿಂಗಲ್ಲಿ ಡಾಕ್ಟರೊಬ್ಬರು ಆ ದೇಶದ ಮ್ಯಾಪ್ ಗೋಡೆ ಮೇಲೆ ಬಿಟ್ಟು ದಿನಾಂಕದ ಪ್ರಕಾರ ಒಂದೊಂದೇ ಊರು ತೋರಿಸ್ತಾ ಹೋದ್ರು, ಅವತ್ತಿಂದ ಆ ವಿಷಯ ನನ್ನ ಬಿಟ್ಟಿಲ್ಲ, ಸಿಕ್ಕಿದ್ದೆಲ್ಲ ಓದಿದೀನಿ.

ಭೂಕಂಪ ಆಗಿದ್ದು 2010ರ ಜನವರಿ 12ಕ್ಕೆ, ರಾಜಧಾನಿ ಪೋರ್ಟ್ ಔ ಪ್ರಿನ್ಸ್ ಪಕ್ಕದಲ್ಲಿ, 7.0 ತೀವ್ರತೆ. ಹದಿನೈದು ಲಕ್ಷದಷ್ಟು ಜನ ಟೆಂಟಿಗೆ ಬಿದ್ರು. ಟೆಂಟಲ್ಲಿ ರೋಗ ಹಬ್ಬುತ್ತೆ ಅಂತ ಎಲ್ರಿಗೂ ಭಯ ಇತ್ತು. ಫೆಬ್ರವರಿ ಹೋಯ್ತು, ಮಳೆಗಾಲ ಬಂತು ಹೋಯ್ತು, ಒಂಬತ್ತು ತಿಂಗಳು ಕಳೀತು, ಕಾಲರಾ ಬರ್ಲಿಲ್ಲ. ಬರೋದಾದ್ರೂ ಎಲ್ಲಿಂದ? ಕಾಲರಾ ಕೊಳಕಿನಿಂದ ತಾನಾಗೇ ಹುಟ್ಟೋ ಕಾಯಿಲೆ ಅಲ್ಲ, ವಿಬ್ರಿಯೊ ಕಾಲರೆ ಅನ್ನೋ ಬ್ಯಾಕ್ಟೀರಿಯಾ ಇರ್ಬೇಕು, ಯಾರದೋ ಹೊಟ್ಟೇಲಿ ಬಂದು ನೀರು ಸೇರ್ಬೇಕು. ಹೈಟಿಯಲ್ಲಿ ಕಡಿಮೆ ಅಂದ್ರೂ ನೂರು ವರ್ಷದಿಂದ ಕಾಲರಾ ಬಂದ ದಾಖಲೆನೇ ಇರ್ಲಿಲ್ಲ. ಅಲ್ಲಿನ ಅಜ್ಜಿ ತಾತಂದಿರೂ ಆ ಕಾಯಿಲೆ ನೋಡಿರ್ಲಿಲ್ಲ. ನಮ್ಮಲ್ಲಿ ಹಳಬರು ಕಾಲರಾ ಬಂದಾಗ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದ ಕಥೆ ಹೇಳ್ತಾರೆ. ಅಲ್ಲಿ ಅಂಥ ನೆನಪೂ ಇರ್ಲಿಲ್ಲ, ಮೈಯಲ್ಲಿ ಅದನ್ನ ತಡೆಯೋ ಶಕ್ತಿನೂ ಇರ್ಲಿಲ್ಲ.

ಮೊದಲ ಕೇಸುಗಳು ಕಾಣಿಸಿದ್ದು ಅಕ್ಟೋಬರ್ ಮಧ್ಯದಲ್ಲಿ. ಎಲ್ಲಿ ಅಂದ್ರೆ ರಾಜಧಾನಿಯ ಟೆಂಟಲ್ಲಿ ಅಲ್ಲ, ಮಿರ್ಬಲೆ ಅನ್ನೋ ಒಳನಾಡಿನ ಊರಲ್ಲಿ, ಭೂಕಂಪದಿಂದ ಅಂಥ ಪೆಟ್ಟು ಬೀಳದೇ ಇದ್ದ ಕಡೆ. ಆಸ್ಪತ್ರೆಗೆ ಬಂದ ಮೊದಲನೆಯವರು ಪಕ್ಕದ ಮೆಯೆ ಅನ್ನೋ ಹಳ್ಳಿಯವರು. ಹಳ್ಳಿ ಪಕ್ಕದಲ್ಲೇ ಒಂದು ಹಳ್ಳ, ಹಳ್ಳದ ದಂಡೆ ಮೇಲೆ ವಿಶ್ವಸಂಸ್ಥೆ ಶಾಂತಿಪಾಲನಾ ಪಡೆಯ ಕ್ಯಾಂಪು. ಆ ಕ್ಯಾಂಪಿಗೆ ಅದೇ ಅಕ್ಟೋಬರ್ ಎರಡನೇ ವಾರದಿಂದ ನೇಪಾಳದ ಹೊಸ ತುಕಡಿ ಬರೋಕೆ ಶುರುವಾಗಿತ್ತು. ಅದಕ್ಕೆ ಸ್ವಲ್ಪ ಮುಂಚೆ ಕಠ್ಮಂಡುವಿನಲ್ಲಿ ಕಾಲರಾ ಕಾಣಿಸ್ಕೊಂಡಿತ್ತು. ಸೈನಿಕರು ಹೊರಡೋಕೆ ಮುಂಚೆ ರಜೆ ಮೇಲೆ ಮನೆಗೆ ಹೋಗಿ ಬಂದಿದ್ರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳ್ಬೇಕು, ಯಾಕಂದ್ರೆ ಆ ಹುಡುಗರ ಮೇಲೆ ಯಾರೂ ಕಲ್ಲೆಸೀಬಾರದು. ಕಾಲರಾ ಬ್ಯಾಕ್ಟೀರಿಯಾ ಹೊಟ್ಟೆಗೆ ಹೋದವರಲ್ಲಿ ಮುಕ್ಕಾಲುಪಾಲು ಜನಕ್ಕೆ ಏನೂ ಆಗಲ್ಲ, ಊಟ ಮಾಡ್ಕೊಂಡು ಓಡಾಡ್ಕೊಂಡಿರ್ತಾರೆ, ಆದ್ರೆ ಕೆಲವು ದಿನ ಮಲದಲ್ಲಿ ಬ್ಯಾಕ್ಟೀರಿಯಾ ಹೋಗ್ತಿರುತ್ತೆ. ತನ್ನೊಳಗೆ ಇದೆ ಅಂತ ಆ ಮನುಷ್ಯನಿಗೆ ಗೊತ್ತಾಗೋ ದಾರಿನೇ ಇಲ್ಲ. ಹೊರಡೋ ಮುಂಚೆ ವೈದ್ಯಕೀಯ ತಪಾಸಣೆ ಆಗಿತ್ತು, ಕಾಯಿಲೆ ಲಕ್ಷಣ ಇಲ್ಲದವರ ಮಲಪರೀಕ್ಷೆ ಮಾಡೋ ಪದ್ಧತಿ ಇರ್ಲಿಲ್ಲ. ದೂರದ ದೇಶಕ್ಕೆ ಸಹಾಯಕ್ಕೆ ಅಂತ ವಿಮಾನ ಹತ್ತಿದ ಹುಡುಗನ ತಪ್ಪು ಇದರಲ್ಲಿ ಏನಿದೆ? ತಪ್ಪು ಇದ್ದಿದ್ದು ಕ್ಯಾಂಪಿನ ಪೈಪಲ್ಲಿ. ಶೌಚದ ನೀರು ಸಾಗಿಸೋ ಪೈಪುಗಳನ್ನ ಹೇಗೆ ಹೇಗೋ ಜೋಡಿಸಿದ್ರು, ಅಲ್ಲಿ ಸೋರಿದ್ದು ಹಳ್ಳಕ್ಕೆ ಸೇರೋ ಹಂಗಿತ್ತು. ಟ್ಯಾಂಕಿಂದ ತುಂಬ್ಕೊಂಡು ಹೋದ ಮಲವನ್ನ ಗುಡ್ಡದ ಮೇಲೆ ತೆರೆದ ಗುಂಡಿಗೆ ಸುರೀತಿದ್ರು, ಬೇಲಿ ಇಲ್ಲ ಮುಚ್ಚಳ ಇಲ್ಲ, ಜೋರು ಮಳೆ ಬಂದ್ರೆ ತುಂಬಿ ಕೆಳಗಿಳಿಯೋದು. ಕೆಳಗೆ ಅದೇ ಹಳ್ಳದಲ್ಲಿ ಜನ ಬಟ್ಟೆ ಒಗೀತಿದ್ರು, ಸ್ನಾನ ಮಾಡ್ತಿದ್ರು, ಕುಡಿಯೋಕೆ ಬಿಂದಿಗೆ ತುಂಬ್ಕೊಂಡು ಹೋಗ್ತಿದ್ರು.

ಆ ಹಳ್ಳ ಹೋಗಿ ಇನ್ನೊಂದು ಹೊಳೆ ಸೇರುತ್ತೆ, ಆ ಹೊಳೆ ಆರ್ಟಿಬೊನೀಟ್ ನದಿ ಸೇರುತ್ತೆ. ಆರ್ಟಿಬೊನೀಟ್ ಅಂದ್ರೆ ಹೈಟಿಯ ದೊಡ್ಡ ನದಿ, ಕೆಳಗೆ ಬಯಲಿಗೆ ಬಂದ ಮೇಲೆ ನಾಲೆ ನಾಲೆಯಾಗಿ ಒಡೆದು ಆ ದೇಶದಲ್ಲಿ ಹೆಚ್ಚಾಗಿ ಭತ್ತ ಬೆಳೆಯೋ ಗದ್ದೆಗಳಿಗೆ ಹೋಗುತ್ತೆ. ನಾಲೆ ಕೆಳಗೆ ಬೇಸಾಯ ಮಾಡೋರಿಗೆ ಇದನ್ನ ವಿವರಿಸ್ಬೇಕಾಗಿಲ್ಲ, ಕೆಲಸದ ಮಧ್ಯೆ ಬಾಯಾರಿದ್ರೆ ಮನೆಗೆ ಯಾರು ಹೋಗ್ತಾರೆ, ಬೊಗಸೇಲಿ ನಾಲೆ ನೀರೇ. ಅಕ್ಟೋಬರ್ 20ನೇ ತಾರೀಕು ಆ ಬಯಲಿನ ಹಲವು ಊರುಗಳಲ್ಲಿ ಒಂದೇ ಸಲಕ್ಕೆ ಜನ ಬಿದ್ರು. ಒಬ್ಬರಿಂದ ಒಬ್ಬರಿಗೆ ಹತ್ತಿ ನಿಧಾನಕ್ಕೆ ಏರಿದ್ದಲ್ಲ, ಎಲ್ಲಾ ಕಡೆ ಒಟ್ಟಿಗೆ. ಸೇಂಟ್ ಮಾರ್ಕ್ ಊರಿನ ಆಸ್ಪತ್ರೆಗೆ ಆ ಒಂದೇ ದಿನ 404 ಜನ ದಾಖಲಾದ್ರು, 44 ಜನ ಸತ್ರು. ಲೆಕ್ಕ ಹಾಕಿ ನೋಡಿ, ಇಡೀ ಇಪ್ಪತ್ನಾಲ್ಕು ಗಂಟೆ ಹಗಲು ರಾತ್ರಿ, ಮೂರೂವರೆ ನಿಮಿಷಕ್ಕೊಬ್ಬರು ಬಾಗಿಲಿಗೆ ಬಂದ ಹಾಗೆ.

ನಾನು ಒಂದು ಹಳ್ಳೀಲಿ ಒಂದೇ ದಿನ 22 ಜನಾನ ನೋಡಿದೀನಿ, ಅಷ್ಟಕ್ಕೇ ನನ್ನ ಕೈಕಾಲು ತಣ್ಣಗಾಗಿತ್ತು. ಕಾಲರಾ ಅಂದ್ರೆ ನಾವು ನೀವು ಹೊಟ್ಟೆ ಕೆಟ್ಟು ನಾಲ್ಕು ಸಲ ಹೋಗಿ ಬರೋ ಥರ ಅಲ್ಲ ಸಾರ್. ಅಕ್ಕಿ ತೊಳೆದ ಕಲಗಚ್ಚು ಇರುತ್ತಲ್ಲ, ಆ ಥರ ಬೆಳ್ಳಗೆ ನೀರು ನೀರಾಗಿ ಹೋಗ್ತಾನೇ ಇರುತ್ತೆ, ಜೋರಾಗಿದ್ರೆ ಗಂಟೆಗೆ ಒಂದು ಲೀಟರ್ ತನಕ. ಬೆಳಿಗ್ಗೆ ಹೊಲಕ್ಕೆ ಹೋದ ಗಟ್ಟಿ ಆಳು ಮಧ್ಯಾಹ್ನಕ್ಕೆ ಕಣ್ಣು ಗುಳಿ ಬಿದ್ದು, ಬೆರಳ ತುದಿಯೆಲ್ಲ ದಿನಪೂರ್ತಿ ಬಟ್ಟೆ ಒಗೆದವರ ಹಾಗೆ ಸುಕ್ಕಾಗಿ, ದನಿ ಇಂಗಿ ಹೋಗಿರ್ತಾನೆ. ಹೊಟ್ಟೆ ಮೇಲಿನ ಚರ್ಮ ಚಿವುಟಿ ಬಿಟ್ರೆ ಎದ್ದಿದ್ದು ಎದ್ದ ಹಾಗೇ ನಿಂತಿರುತ್ತೆ. ಜೋರಾಗಿ ಹಿಡಿದಾಗ ಚಿಕಿತ್ಸೆ ಸಿಗ್ಲಿಲ್ಲ ಅಂದ್ರೆ ಅರ್ಧದಷ್ಟು ಜನ ಉಳಿಯಲ್ಲ. ಹೊತ್ತಿಗೆ ಸರಿಯಾಗಿ ಓಆರ್‌ಎಸ್ಸು, ಡ್ರಿಪ್ಪು ಸಿಕ್ರೆ ನೂರಕ್ಕೆ ಒಬ್ಬರೂ ಸಾಯ್ಬೇಕಾಗಿಲ್ಲ. ಅದೇ ಓಆರ್‌ಎಸ್ ತಾಕತ್ತು ಏನು ಅಂತ 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಕ್ಯಾಂಪಲ್ಲಿ ಜಗತ್ತಿಗೆ ತೋರಿಸಿದ್ದು ನಮ್ಮ ಡಾ. ದಿಲೀಪ್ ಮಹಾಲನಬೀಸ್. ಡ್ರಿಪ್ ಬಾಟಲಿ ಖಾಲಿಯಾದಾಗ ಡ್ರಮ್ಮಲ್ಲಿ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಕಲಸಿ ಕುಡಿಸಿದ್ರು, ನೂರಕ್ಕೆ ಮೂವತ್ತರವರೆಗೆ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಬಂತು. ಆ ಮನುಷ್ಯನಿಗೆ ಪದ್ಮವಿಭೂಷಣ ಸಿಕ್ಕಿದ್ದು 2023ರಲ್ಲಿ, ತೀರ್ಕೊಂಡ ಮೇಲೆ.

ವಿಷಯಕ್ಕೆ ಬರ್ತೀನಿ. ಕಾಲರಾ ಅಂತ ಲ್ಯಾಬಲ್ಲಿ ಖಚಿತ ಆಗಿ ಒಂದು ವಾರ ಆಗೋದ್ರೊಳಗೆ ಮೆಯೆ ಹಳ್ಳಿಯವರು ಬಂದ ಪತ್ರಕರ್ತರಿಗೆ ಬೆರಳು ಮಾಡಿ ತೋರಿಸ್ತಿದ್ರು, ಅಗೋ ಆ ಕ್ಯಾಂಪು, ಅಗೋ ಆ ಪೈಪು ಅಂತ. ವಿಶ್ವಸಂಸ್ಥೆ ಕಡೆಯಿಂದ ನಮ್ಮ ಕ್ಯಾಂಪಿನ ವ್ಯವಸ್ಥೆ ಸರಿಯಾಗೇ ಇದೆ ಅಂತ ಹೇಳಿಕೆ ಬಂತು. ಮೂಲ ಹುಡುಕೋದು ಈಗಿನ ಆದ್ಯತೆ ಅಲ್ಲ, ಮೊದಲು ಜೀವ ಉಳಿಸೋಣ, ದೂರೋದಕ್ಕೆ ಇದು ಸಮಯ ಅಲ್ಲ ಅನ್ನೋ ಮಾತು ದೊಡ್ಡ ದೊಡ್ಡ ಆರೋಗ್ಯ ಸಂಸ್ಥೆಗಳ ಕಡೆಯಿಂದ್ಲೂ ಬಂತು. ಕೇಳೋಕೆ ಎಷ್ಟು ಚೆನ್ನಾಗಿದೆ ನೋಡಿ ಈ ಮಾತು. ನನ್ನ ಸರ್ವಿಸ್ಸಲ್ಲಿ ಇದನ್ನ ಎಷ್ಟು ಸಲ ಕೇಳಿದೀನೋ ಲೆಕ್ಕ ಇಲ್ಲ. ಎಲ್ಲಿಂದ ಬಂತು ಅಂತ ಹುಡುಕೋದು ಬೇರೆ, ಜೀವ ಉಳಿಸೋದು ಬೇರೆ ಅಂತ ಯಾರು ಹೇಳಿದ್ದು? ಯಾವ ನೀರಿಂದ ಬಂತು ಅಂತ ಗೊತ್ತಾದ್ರೆ ಆ ನೀರು ಕುಡೀಬೇಡಿ ಅಂತ ಹೇಳ್ಬಹುದು, ಅದೇ ಜೀವ ಉಳಿಸೋ ಕೆಲಸ. ಮೇಲಿನ ಊರಲ್ಲಿ 14ನೇ ತಾರೀಕಿಗೆ ಕೇಸು, ಕೆಳಗಿನ ಬಯಲಲ್ಲಿ 20ಕ್ಕೆ. ಮಧ್ಯೆ ಆ ಆರು ದಿನ ಇತ್ತಲ್ಲ, ಅದು ನನಗೆ ರಾತ್ರಿ ನಿದ್ದೆ ಕೆಡಿಸುತ್ತೆ.

ಕಡೆಗೆ ಹೈಟಿ ಸರ್ಕಾರದ ಕೋರಿಕೆ ಮೇಲೆ ಫ್ರಾನ್ಸಿನ ರೆನೊ ಪಿಯಾರೂ ಅನ್ನೋ ಡಾಕ್ಟರು ನವೆಂಬರಲ್ಲಿ ಬಂದ್ರು. ಅವರು ಮಾಡಿದ್ದು ಏನು ಅಂದ್ರೆ ನಮ್ಮಂಥ ಹೆಲ್ತ್ ಇನ್‌ಸ್ಪೆಕ್ಟರ್ ಮಾಡೋ ಕೆಲಸಾನೇ, ನನಗೆ ಅವರು ಹತ್ತಿರ ಆಗಿದ್ದು ಅದಕ್ಕೇ. ಊರೂರಿನ ಆಸ್ಪತ್ರೆ ರಿಜಿಸ್ಟರ್ ತೆಗೆಸಿ, ಯಾವ ಊರಲ್ಲಿ ಯಾವತ್ತು ಎಷ್ಟು ಕೇಸು ಅಂತ ದಿನದ ಪ್ರಕಾರ ಮ್ಯಾಪ್ ಮೇಲೆ ಇಟ್ಟರು. ಅಲ್ಲಿ ಕೆಲಸ ಮಾಡ್ತಿದ್ದ ಕ್ಯೂಬಾದ ಡಾಕ್ಟರುಗಳು ಬರೆದಿಟ್ಟಿದ್ದ ಲೆಕ್ಕ ಅವರಿಗೆ ತುಂಬಾ ಸಹಾಯ ಆಯ್ತು. ಮ್ಯಾಪ್ ತಾನಾಗೇ ಮಾತಾಡ್ತು. ಮೊದಲು ಮೆಯೆ, ಆಮೇಲೆ ಮಿರ್ಬಲೆ, ಆಮೇಲೆ ನದಿ ಹಿಡ್ಕೊಂಡು ಕೆಳಗೆ ಬಯಲು, ಅಲ್ಲಿಂದ ಹೆದರಿ ಓಡಿದ ಜನದ ಜೊತೆ ದಿಕ್ಕುದಿಕ್ಕಿಗೆ. ನವೆಂಬರ್ 19ರೊಳಗೆ ದೇಶದ ಹತ್ತೂ ವಿಭಾಗಗಳಲ್ಲಿ ಕಾಲರಾ.

ಇದಕ್ಕೆ ವಿರುದ್ಧವಾದ ವಾದವೂ ಇತ್ತು, ಅದನ್ನ ಮುಚ್ಚಿಡಬಾರದು. ಕಾಲರಾ ಬ್ಯಾಕ್ಟೀರಿಯಾ ಅಳಿವೆ ನೀರಲ್ಲಿ, ಸಮುದ್ರದಂಚಲ್ಲಿ ಸಣ್ಣ ಜೀವಿಗಳ ಮೈಗಂಟಿಕೊಂಡು ಬದುಕಬಲ್ಲದು, ಆ ವರ್ಷದ ಬಿಸಿಲು ಮಳೆ ಅದನ್ನ ಎಬ್ಬಿಸಿರ್ಬಹುದು ಅಂತ ದೊಡ್ಡ ವಿಜ್ಞಾನಿಗಳೇ ಹೇಳಿದ್ರು. ಬಂಗಾಳ ಕೊಲ್ಲಿ ಕಡೆ ಅದು ನಿಜವಾದ ವಿಷಯನೇ. ಆದ್ರೆ ಸಮುದ್ರದಿಂದ ಎದ್ದಿದ್ರೆ ಮೊದಲ ಕೇಸು ಕಡಲ ದಂಡೇಲಿ ಬರ್ಬೇಕಿತ್ತಲ್ವಾ, ಒಳನಾಡಿನ ಬೆಟ್ಟದ ತಪ್ಪಲಲ್ಲಿ ಯಾಕೆ ಬಂತು? ಆಮೇಲೆ 2011ರ ಆಗಸ್ಟಲ್ಲಿ ಜೀನ್ ಪರೀಕ್ಷೆ ಹೊರಗೆ ಬಂತು. ನೇಪಾಳದ ರೋಗಿಗಳಿಂದ ತೆಗೆದ 24 ಮಾದರಿಗಳನ್ನ ಹೈಟಿಯ ಮಾದರಿಗಳ ಪಕ್ಕ ಇಟ್ಟು ನೋಡಿದ್ರು. ಬ್ಯಾಕ್ಟೀರಿಯಾದ ಜೀನಲ್ಲಿ ಸುಮಾರು 40 ಲಕ್ಷ ಅಕ್ಷರ ಇವೆ ಅಂದ್ಕೊಳ್ಳಿ, ಕೆಲವು ನೇಪಾಳಿ ಮಾದರಿಗೂ ಹೈಟಿ ಮಾದರಿಗೂ ಇದ್ದ ವ್ಯತ್ಯಾಸ ಒಂದೋ ಎರಡೋ ಅಕ್ಷರ.

ವಿಶ್ವಸಂಸ್ಥೆಯೇ ನಾಲ್ಕು ಜನ ತಜ್ಞರ ಸಮಿತಿ ಮಾಡಿತ್ತು, ಅದರಲ್ಲಿ ಕೋಲ್ಕತ್ತಾದ ಕಾಲರಾ ಸಂಶೋಧನಾ ಸಂಸ್ಥೆಯ ನಿರ್ದೇಶಕರಾಗಿದ್ದ ಜಿ. ಬಾಲಕೃಷ್ ನಾಯರ್ ಅವರೂ ಇದ್ರು. 2011ರ ಮೇ ತಿಂಗಳ ವರದಿಯಲ್ಲಿ ಕಾಲರಾ ಹೊರಗಿಂದ ಬಂದಿದ್ದು, ಮನುಷ್ಯರ ಮಲ ಆ ಹಳ್ಳ ಸೇರಿದ್ದೇ ಮೂಲ ಅಂತ ಬರೆದ್ರು, ಆದ್ರೆ ಕೊನೇಲಿ ಹಲವು ಕಾರಣ ಕೂಡಿ ಬಂದು ಹೀಗಾಯ್ತು, ಯಾವುದೇ ಒಂದು ಗುಂಪಿನ ತಪ್ಪಲ್ಲ ಅಂತ ಮುಗಿಸಿದ್ರು. ಅದೇ ನಾಲ್ಕು ಜನ 2013ರಲ್ಲಿ, ಹೊಸ ಪುರಾವೆ ನೋಡಿದ ಮೇಲೆ, ಕ್ಯಾಂಪಿನವರಿಂದ್ಲೇ ಬಂದಿರೋ ಸಾಧ್ಯತೆ ಅತಿ ಹೆಚ್ಚು ಅಂತ ಬರೆದ್ರು. ತಿದ್ದಿ ಹೇಳಿದ್ರಲ್ಲ, ಅದಕ್ಕೆ ಅವರ ಮೇಲೆ ನನಗೆ ಗೌರವ ಇದೆ. ಅದೇ 2013ರ ಫೆಬ್ರವರಿಯಲ್ಲಿ ಸುಮಾರು 5000 ಸಂತ್ರಸ್ತರ ಪರವಾಗಿ ಹಾಕಿದ್ದ ಪರಿಹಾರದ ಅರ್ಜಿಯನ್ನ ವಿಶ್ವಸಂಸ್ಥೆ ಸ್ವೀಕರಿಸಕ್ಕಾಗಲ್ಲ ಅಂತ ವಾಪಸ್ ಮಾಡ್ತು. ಅಮೆರಿಕದ ಕೋರ್ಟಿಗೆ ಹೋದ್ರು, ಅಲ್ಲೂ ವಿಶ್ವಸಂಸ್ಥೆಗೆ ಕಾನೂನಿನ ರಕ್ಷಣೆ ಇದೆ ಅಂತ ಕೇಸು ನಿಲ್ಲಲಿಲ್ಲ. ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಹೈಟಿ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರ್ 1ಕ್ಕೆ, ಆರು ವರ್ಷ ಆದ್ಮೇಲೆ. ಅವತ್ತೂ ಕಾಲರಾ ತಡೆಯೋಕೆ ಮಾಡ್ಬೇಕಾದಷ್ಟು ಮಾಡ್ಲಿಲ್ಲ ಅಂತ ಹೇಳಿದ್ರೇ ಹೊರತು, ತಂದಿದ್ದು ನಾವು ಅಂತ ನೇರವಾಗಿ ಬಾಯಲ್ಲಿ ಬರ್ಲಿಲ್ಲ. 40 ಕೋಟಿ ಡಾಲರ್ ಯೋಜನೆ ಘೋಷಿಸಿದ್ರು, ಕೈಗೆ ಬಂದಿದ್ದು ಅದರಲ್ಲಿ ಸ್ವಲ್ಪ ಭಾಗ.

ಎಲ್ಲಿಂದ ಬಂತು ಅಂತ ಹೇಳದೇ ಇದ್ರೆ ಏನಾಗುತ್ತೆ ಅನ್ನೋದಕ್ಕೆ ಒಂದು ಸಂಗತಿ ಹೇಳ್ತೀನಿ, ಬರೆಯೋಕೇ ಕಷ್ಟ ಆಗುತ್ತೆ. 2010ರ ನವೆಂಬರ್ ಡಿಸೆಂಬರಲ್ಲಿ ಹೈಟಿಯ ಹಳ್ಳಿಗಳಲ್ಲಿ ಮಾಟ ಮಾಡಿ, ಪುಡಿ ಎಸೆದು ಕಾಲರಾ ಹರಡ್ತಿದಾರೆ ಅಂತ ವೂಡೂ ಅನ್ನೋ ಅಲ್ಲಿನ ಜನಪದ ಧರ್ಮದ ಪೂಜಾರಿಗಳ ಮೇಲೆ ಜನ ಬಿದ್ರು. ಕನಿಷ್ಠ 45 ಜನಾನ ಹೊಡೆದು, ಕಲ್ಲೆಸೆದು, ಸುಟ್ಟು ಕೊಂದ್ರು. ನಿನ್ನೆ ತನಕ ಇರದ ಕಾಯಿಲೆ ಇವತ್ತು ಮನೇಲಿ ಎರಡು ಹೆಣ ಮಲಗಿಸಿದ್ರೆ ಜನ ಯಾಕೆ ಅಂತ ಕೇಳೇ ಕೇಳ್ತಾರೆ. ಉತ್ತರ ಕೊಡ್ಬೇಕಾದವರು ಈಗ ಅದು ಮುಖ್ಯ ಅಲ್ಲ ಅಂದ್ರೆ ಜನ ತಾವೇ ಒಂದು ಉತ್ತರ ಮಾಡ್ಕೋತಾರೆ, ಊರಲ್ಲಿ ಯಾರು ಒಂಟಿ, ಯಾರು ಬೇರೆ ಥರ, ಅವರ ತಲೆ ಮೇಲೆ ಬೀಳುತ್ತೆ.

ಭೂಕಂಪದ ಟೆಂಟುಗಳ ಕಥೆ ಹೇಳೋದು ಮರೆತೆ. ಎಲ್ರೂ ಹೆದರಿದ್ದ ಆ ಟೆಂಟುಗಳಲ್ಲೇ ಕಾಲರಾ ಅಂದ್ಕೊಂಡದ್ದಕ್ಕಿಂತ ಕಡಿಮೆ ಬಂತು, ಯಾಕಂದ್ರೆ ಅಲ್ಲಿಗೆ ಟ್ಯಾಂಕರಲ್ಲಿ ಕ್ಲೋರಿನ್ ಹಾಕಿದ ನೀರು ಬರ್ತಿತ್ತು. ಅದೇ ರಾಜಧಾನೀಲಿ ಭೂಕಂಪಕ್ಕೆ ಮುಂಚಿಂದ್ಲೂ ಇದ್ದ ಸಿತೆ ಸೊಲೇ ಕೊಳೆಗೇರಿಗೆ ಜೋರಾಗಿ ಬಡೀತು. ನಿಮ್ಮ ಆ ಒಂದು ಸಾಲು ಇದನ್ನ ಪೂರ್ತಿ ತಲೆಕೆಳಗೆ ಮಾಡುತ್ತೆ, ಅದಕ್ಕೇ ನನಗೆ ಅಷ್ಟು ಬೇಜಾರು.

ಈಗ ನನ್ನ ಹಳ್ಳಿ ಕಥೆ ಹೇಳ್ತೀನಿ, ಊರಿನ ಹೆಸರು ಬೇಡ. ತೊಂಬತ್ತರ ದಶಕ, ಮುಂಗಾರು ಶುರುವಾಗಿ ಹದಿನೈದು ದಿನ ಆಗಿತ್ತು. ಒಂದು ಬೀದೀಲಿ ವಾಂತಿಭೇದಿ, ಬೆಳಿಗ್ಗೆಯಿಂದ ಸಂಜೆಯೊಳಗೆ ನಾನು ಹೇಳಿದೆನಲ್ಲ 22 ಜನ. ಶಾಲೆ ಜಗುಲೀಲಿ ಮಲಗಿಸಿ, ಕಿಟಕಿ ಸರಳಿಗೆ ಡ್ರಿಪ್ ಬಾಟಲ್ ಕಟ್ಟಿದ್ವಿ. ಊರಿನವರು ಹಿಂದಿನ ವಾರದ ಬೀಗರೂಟದ ಮಾಂಸ ಅಂದ್ರು, ಇನ್ನೊಬ್ಬರು ಕೂಲಿಗೆ ಬಂದು ಟೆಂಟ್ ಹಾಕಿದ್ದವರು ಕೆರೆ ಕೆಡಿಸಿದಾರೆ ಅಂದ್ರು, ಆ ಕೂಲಿಯವರು ಹೆದರಿ ಗಂಟುಮೂಟೆ ಕಟ್ತಿದ್ರು. ಮೇಲಿಂದ ಬಂದ ಸಾಹೇಬರು ನನಗೆ ಕಾಲರಾ ಅಂತ ಎಲ್ಲೂ ಬರೀಬೇಡ, ಜಿಇ ಅಂತ, ಅಂದ್ರೆ ಬರೀ ಗ್ಯಾಸ್ಟ್ರೋಎಂಟರೈಟಿಸ್, ಹೊಟ್ಟೆ ಕೆಟ್ಟಿದ್ದು ಅಂತ ಬರಿ, ಮೊದಲು ಬ್ಲೀಚಿಂಗ್ ಹಾಕಿಸು, ಎಲ್ಲಿಂದ ಬಂತು ಅಂತ ಆಮೇಲೆ ನೋಡೋಣ ಅಂದ್ರು. ಬ್ಲೀಚಿಂಗ್ ಹಾಕಿಸಿದೆ. ಆದ್ರೆ ರಾತ್ರಿ ಸುಮ್ನಿರಕ್ಕಾಗ್ಲಿಲ್ಲ. ಆಶಾ ಕಾರ್ಯಕರ್ತೆಯರು ಇನ್ನೂ ಬಂದಿರದ ಕಾಲ ಅದು, ಅಂಗನವಾಡಿ ಟೀಚರಮ್ಮನ ಜೊತೆ ಮಾಡ್ಕೊಂಡು, ನೂರು ಪೇಜಿನ ನೋಟ್‌ಬುಕ್ ಮೇಲೆ ಗೀಟು ಎಳೆದು, ಹೆಸರು, ವಯಸ್ಸು, ಯಾವ ಮನೆ, ಮೊದಲ ಸಲ ಭೇದಿ ಆಗಿದ್ದು ಯಾವತ್ತು ಎಷ್ಟೊತ್ತಿಗೆ, ಎಲ್ಲಿ ನೀರು ಹಿಡೀತೀರಿ, ಬೀಗರೂಟಕ್ಕೆ ಹೋಗಿದ್ರಾ ಅಂತ ಲಾಟೀನು ಹಿಡ್ಕೊಂಡು ಮನೆಮನೆ ಕೇಳಿದ್ವಿ. ಒಬ್ಬ ಅಜ್ಜಿ, ಚೊಂಬಲ್ಲಿ ಓಆರ್‌ಎಸ್ ಕಲಸಿ ಮೊಮ್ಮಗನಿಗೆ ಚಮಚದಲ್ಲಿ ಕುಡಿಸ್ತಾ ಇದ್ದವರು, ನಾನು ಕೇಳದೇ ಇದ್ರೂ ಹೇಳಿದ್ರು, ನಾಲ್ಕು ದಿನದಿಂದ ನಲ್ಲೀಲಿ ಮೊದಲ ಎರಡು ಬಿಂದಿಗೆ ಚರಂಡಿ ವಾಸನೆ ಬರುತ್ತೆ ಕಣಪ್ಪ, ಚೆಲ್ಲಿ ಆಮೇಲಿಂದು ಹಿಡೀತೀನಿ ಅಂತ.

ಬೆಳಗಾಗೋ ಹೊತ್ತಿಗೆ ನೋಟ್‌ಬುಕ್ಕಲ್ಲಿ ಎಲ್ಲಾ ಇತ್ತು. ಬೀಗರೂಟಕ್ಕೆ ಹೋಗದವರೇ ಅರ್ಧಕ್ಕಿಂತ ಜಾಸ್ತಿ ಬಿದ್ದಿದ್ರು. ಕೆರೆ ನೀರು ಆ ಬೀದಿಯವರು ಕುಡಿಯೋದೇ ಇಲ್ಲ. ಬಿದ್ದವರ ಮನೆಯೆಲ್ಲ ಒಂದೇ ಪೈಪ್‌ಲೈನಲ್ಲಿ, ಒಂದು ಮೋರಿ ದಾಟಿದ ಮೇಲೆ, ಮೋರಿಗಿಂತ ಹಿಂದಿನ ಮನೆಗಳಲ್ಲಿ ಒಬ್ಬರಿಗೂ ಇಲ್ಲ. ಮೋರಿ ಹತ್ರ ಅಗೆಸಿದ್ರೆ ವಾಲ್ವ್ ಜಾಯಿಂಟ್ ಬಿಟ್ಟು ಚರಂಡಿ ನೀರೊಳಗೇ ಪೈಪ್ ಕೂತಿತ್ತು. ನೀರು ಬಿಟ್ಟಾಗ ಹೊರಗೆ ಸೋರೋದು, ನಿಲ್ಲಿಸಿದಾಗ ಒಳಗೆ ಎಳ್ಕೊಳ್ಳೋದು. ಅಜ್ಜಿ ಹೇಳಿದ ಮೊದಲ ಎರಡು ಬಿಂದಿಗೆ ಅದೇ. ವಾಟರ್‌ಮ್ಯಾನ್ ಆ ಲೈನ್ ಬಂದ್ ಮಾಡಿ ಟ್ರ್ಯಾಕ್ಟರಲ್ಲಿ ನೀರು ಕೊಟ್ರು, ಮೂರನೇ ದಿನಕ್ಕೆ ಹೊಸ ಕೇಸು ನಿಂತು ಹೋಯ್ತು. ಕೂಲಿಯವರ ಟೆಂಟಿಗೆ ಹೋಗಿ ನಿಮ್ಮದೇನೂ ತಪ್ಪಿಲ್ಲ ಅಂತ ಊರ ಯಜಮಾನರ ಎದುರಿಗೇ ಹೇಳ್ಸಿದೆ. ನಾವು ತೆಗೆದ ಸ್ಯಾಂಪಲಲ್ಲಿ ಕಾಲರಾ ಬಂತು, ವರದೀಲಿ ಮಾತ್ರ ಜಿಇ ಅಂತಾನೇ ಉಳೀತು. ಒಬ್ಬ ಹೆಂಗಸು, ಎರಡು ಮಕ್ಕಳ ತಾಯಿ, ತಾಲ್ಲೂಕು ಆಸ್ಪತ್ರೆಗೆ ಸಾಗಿಸೋವಾಗ ದಾರೀಲಿ ತೀರ್ಕೊಂಡ್ರು, ಅವರ ಹೆಸರಿನ ಮುಂದೂ ಅದೇ ಎರಡಕ್ಷರ. ಆಗ ಗಟ್ಟಿಯಾಗಿ ನಿಂತು ಬರೆಸ್ಬೇಕಿತ್ತು ಅಂತ ಇವತ್ತಿಗೂ ಅನ್ಸುತ್ತೆ.

ಹೈಟಿಯಲ್ಲೂ ಕೊನೆಗೆ ಕೆಲಸ ಮಾಡಿದ್ದು ಇದೇ ಥರದ ನಡಿಗೆ. 2012ರಲ್ಲಿ ಲಸಿಕೆ ಹಾಕಿದ್ರು, ಸೇಂಟ್ ಮಾರ್ಕ್ ಕಡೆಯ ಗದ್ದೆ ಬಯಲಲ್ಲಿ ಮತ್ತು ರಾಜಧಾನಿ ಕೊಳೆಗೇರೀಲಿ ಸೇರಿ ಲಕ್ಷದ ಹತ್ತಿರ ಜನಕ್ಕೆ, ಎರಡೆರಡು ಡೋಸು, ಅದು ನಮ್ಮ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಮಾಡಿದ ಶಾಂಕಾಲ್ ಲಸಿಕೆ. 2013ರಿಂದ ತಂಡಗಳು ಒಂದೊಂದು ಕೇಸು ಬಂದಾಗ್ಲೂ ಆ ರೋಗಿ ಮನೆಗೆ, ಅಕ್ಕಪಕ್ಕದ ಮನೆಗೆ ಓಡಿ ಹೋಗಿ ನೀರಿಗೆ ಹಾಕೋ ಕ್ಲೋರಿನ್ ಮಾತ್ರೆ, ಸೋಪು, ಕಾಯಿಲೆ ತಡೆಯೋ ಮಾತ್ರೆ ಕೊಟ್ಟು, ಯಾವ ನೀರು ಅಂತ ನೋಡಿ ಬರೋಕೆ ಶುರು ಮಾಡಿದ್ವು. 2016ರ ಅಕ್ಟೋಬರಲ್ಲಿ ಮ್ಯಾಥ್ಯೂ ಚಂಡಮಾರುತ ಬಂದಾಗ ಮತ್ತೆ ಏರಿತು, ಬಿಡ್ಲಿಲ್ಲ, ಇನ್ನೂ ಜೋರಾಗಿ ಓಡಾಡಿದ್ರು. ಒಟ್ಟು 8 ಲಕ್ಷ 20 ಸಾವಿರ ಜನಕ್ಕೆ ಬಂದು ಹತ್ತಿರ ಹತ್ತಿರ ಹತ್ತು ಸಾವಿರ ಜನಾನ ತೆಗೆದ ಮೇಲೆ, 2019ರ ಫೆಬ್ರವರಿಯಲ್ಲಿ ಕೊನೇ ಕೇಸು ದಾಖಲಾಗಿ ನಿಂತಿತು. ಮೂರೂವರೆ ವರ್ಷ ಒಂದೂ ಇಲ್ಲ. ಅಷ್ಟು ಬಡದೇಶದಲ್ಲಿ, ಅಷ್ಟು ಕಡಿಮೆ ಪಾಯಿಖಾನೆ ಇರೋ ಕಡೆ, ಇದನ್ನ ಸಾಧಿಸಿದ್ದು ನನಗೆ ಪವಾಡಕ್ಕಿಂತ ದೊಡ್ಡದು, ಆದ್ರೆ ಆ ಸುದ್ದಿ ನಮ್ಮ ಯಾವ ಪೇಪರಲ್ಲೂ ನನ್ನ ಕಣ್ಣಿಗೆ ಬೀಳ್ಲಿಲ್ಲ. 2022ರ ಸೆಪ್ಟೆಂಬರಲ್ಲಿ ಗ್ಯಾಂಗಿನವರು ರಾಜಧಾನಿಯ ಇಂಧನ ಟರ್ಮಿನಲ್ ಮುತ್ತಿಗೆ ಹಾಕಿದ್ರು, ಡೀಸೆಲ್ ಇಲ್ದೆ ನೀರಿನ ಪಂಪು, ಟ್ಯಾಂಕರ್ ನಿಂತ್ವು, ಅಕ್ಟೋಬರ್ 2ಕ್ಕೆ ಕಾಲರಾ ಮತ್ತೆ ಬಂತು. ಜೀನ್ ನೋಡಿದ್ರೆ 2010ರಲ್ಲಿ ಬಂದಿದ್ದರ ಸಂತಾನನೇ.

ನಿಮ್ಮ ಹತ್ರ ನಂದು ಎರಡು ಕೋರಿಕೆ. ನಮ್ಮ ಜಿಲ್ಲೆಗಳ ಸುದ್ದೀಲಿ ಕಲುಷಿತ ನೀರು ಸೇವಿಸಿ ಇಷ್ಟು ಜನ ಅಸ್ವಸ್ಥ ಅಂತ ಬರುತ್ತಲ್ಲ, ಅಲ್ಲಿಗೇ ಬಿಡ್ಬೇಡಿ. ಮೊದಲನೇ ರೋಗಿ ಬಿದ್ದಿದ್ದು ಯಾವ ತಾರೀಕು, ಯಾವ ಬೀದಿ, ಆ ಬೀದಿಗೆ ನೀರು ಎಲ್ಲಿಂದ ಬರುತ್ತೆ, ಸ್ಯಾಂಪಲ್ ಯಾವ ಲ್ಯಾಬಿಗೆ ಹೋಯ್ತು, ರಿಸಲ್ಟ್ ಏನು ಬಂತು, ಇಷ್ಟನ್ನ ವರದಿಗಾರರು ಕೇಳ್ಲಿ, ಹದಿನೈದು ದಿನ ಆದ್ಮೇಲೆ ಇನ್ನೊಂದ್ಸಲ ಹೋಗಿ ಕೇಳ್ಲಿ. ಕೇಳೋರು ಇದಾರೆ ಅಂತ ಗೊತ್ತಾದ್ರೆ ನನ್ನಂಥ ಕೆಳಗಿನ ನೌಕರ ಕಾಲರಾ ಅನ್ನೋ ಪದ ಬರೆಯೋಕೆ ಹೆದರಲ್ಲ.

ಇನ್ನೊಂದು, ಹೈಟಿ ಬಗ್ಗೆ ಮತ್ತೆ ಬರೆಯೋವಾಗ ಆ ಸಾಲನ್ನ ದಯವಿಟ್ಟು ಹೀಗೆ ಹಾಕಿ, ಏಳೇ ಪದ ಜಾಸ್ತಿ ಆಗುತ್ತೆ: 2010ರ ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಕ್ಯಾಂಪಿನ ಮಲಿನ ನೀರು ಹಳ್ಳಕ್ಕೆ ಸೇರಿ ಹಬ್ಬಿದ ಕಾಲರಾಗೆ ಅಲ್ಲಿ ಸುಮಾರು ಹತ್ತು ಸಾವಿರ ಜನ ಬಲಿಯಾಗಿದ್ದರು.

ಇಂತಿ,
ನಿವೃತ್ತ ಆರೋಗ್ಯ ನಿರೀಕ್ಷಕ,
ಹಾಸನ ಜಿಲ್ಲೆ